ಕಿಡಿ ಹಾರುವ ಗಳಿಗೆ

‘ಕೆಲಸ ಬಲ್ಲವನಿಗೆ ಅಳತೆಗೋಲು ಬೇಕಿಲ್ಲ’ ಎಂದು ಹೆಮ್ಮೆಯಿಂದ ಹೇಳುವವರು ನಮ್ಮಲ್ಲಿ ಬಹಳ. ಕೈಯಳತೆಯಲ್ಲೇ ಉಪ್ಪು ಹಾಕುವ ಅಡುಗೆಯವರನ್ನೂ ಕಿವಿಯಿಂದಲೇ ಶ್ರುತಿ ಹಿಡಿಯುವ ಸಂಗೀತಗಾರರನ್ನೂ ಕಂಡ ನಮಗೆ ಈ ಮಾತು ಸಹಜವಾಗಿಯೇ ಒಪ್ಪಿಗೆಯಾಗುತ್ತದೆ. ಹಳೆಯ ಸ್ಕೂಟರುಗಳ ಕಾಲದಲ್ಲಿ ಮೆಕ್ಯಾನಿಕ್ಕು ಪಾಯಿಂಟುಗಳ ನಡುವೆ ಸಿಗರೇಟಿನ ತೆಳುಹಾಳೆಯನ್ನು ಸಿಕ್ಕಿಸಿ, ಎಂಜಿನ್ನಿನ ಸದ್ದಿಗೆ ಕಿವಿಗೊಟ್ಟು ಟೈಮಿಂಗ್ ಕೂರಿಸುತ್ತಿದ್ದುದನ್ನು ನಿಮ್ಮಲ್ಲಿ ಹಲವರು ನೋಡಿರಬಹುದು. ಆ ಕೈಗುಣದ ಬಗ್ಗೆ ನನಗೆ ಗೌರವವಿದೆ. ಆದರೆ ಸಣ್ಣ ವಿಮಾನದ ಎಂಜಿನ್ನಿನ ಮಟ್ಟಿಗೆ ಈ ಮಾತು ಸಲ್ಲದು ಎಂಬುದು ನನ್ನ ಖಚಿತ ಅಭಿಪ್ರಾಯ.

ಈ ವಿಷಯ ಹೊಳೆಯಲು ಕಾರಣ, ವಿಮಾನಗಳ ದುರಸ್ತಿಯ ವೃತ್ತಿಯಲ್ಲಿರುವ ಹಳೆಯ ವಿದ್ಯಾರ್ಥಿಯೊಬ್ಬ ಕೇಳಿದ ಪ್ರಶ್ನೆ: ‘ಸಾರ್, ಫಲಕದಲ್ಲಿ ಬರೆದಿರುವುದಕ್ಕಿಂತ ಎರಡು ಡಿಗ್ರಿ ಹೆಚ್ಚಿಗೆ ಕೊಟ್ಟರೆ ಎಂಜಿನ್ ಚುರುಕಾಗುತ್ತದೆ ಎನ್ನುವವರಿಗೆ ಏನು ಉತ್ತರ ಹೇಳಲಿ?’ ಅವನಿಗೆ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ವಿಸ್ತರಿಸಿ ಬರೆಯುತ್ತಿದ್ದೇನೆ.

ಶಾಲೆಯ ಪಾಠವನ್ನು ನೆನಪು ಮಾಡಿಕೊಳ್ಳಿ. ಪಿಸ್ಟನ್ ಮೇಲೇರಿ ಇಂಧನ ಮತ್ತು ಗಾಳಿಯ ಮಿಶ್ರಣವನ್ನು ಒತ್ತುತ್ತದೆ. ಆಗ ಕಿಡಿ ಹಾರುತ್ತದೆ. ಪಿಸ್ಟನ್ ಕೆಳಕ್ಕೆ ತಳ್ಳಲ್ಪಡುತ್ತದೆ. ಚಿತ್ರದಲ್ಲಿ ಪಿಸ್ಟನ್ ಮೇಲ್ತುದಿಯಲ್ಲಿರುವಾಗಲೇ ಕಿಡಿಯನ್ನು ಬರೆದಿರುತ್ತಾರೆ. ವಾಸ್ತವದಲ್ಲಿ ಕಿಡಿ ಅದಕ್ಕೆ ಮೊದಲೇ ಹಾರಬೇಕು. ಏಕೆಂದರೆ ಮಿಶ್ರಣವು ಒಮ್ಮೆಲೇ ಸಿಡಿಯುವುದಿಲ್ಲ. ಹುಲ್ಲುಬಯಲಿಗೆ ಬಿದ್ದ ಬೆಂಕಿಯಂತೆ ಒಂದು ಕಡೆಯಿಂದ ಉರಿಯುತ್ತಾ ಸಾಗುತ್ತದೆ. ಅದಕ್ಕೆ ಕಾಲ ಬೇಕು.

ಸೆಸ್ನಾ 172ರ ಅನೇಕ ವಿಮಾನಗಳಲ್ಲಿ ಬಳಸಿದ ಲೈಕಮಿಂಗ್ ಓ-320 ಎಂಜಿನ್ನನ್ನೇ ತೆಗೆದುಕೊಳ್ಳೋಣ. ನಾಲ್ಕು ಸಿಲಿಂಡರುಗಳ ಈ ಎಂಜಿನ್ನಿನ ಗರಿಷ್ಠ ವೇಗ ನಿಮಿಷಕ್ಕೆ 2700 ಸುತ್ತು, ಅಂದರೆ ಸೆಕೆಂಡಿಗೆ 45 ಸುತ್ತು. ಅದರ ಸಾಮಾನ್ಯ ಮಾದರಿಗಳಲ್ಲಿ ಕಿಡಿ ಹಾರಬೇಕಾದದ್ದು ಮೇಲ್ತುದಿಗೆ 25 ಡಿಗ್ರಿ ಮೊದಲು. ಲೆಕ್ಕ ಹಾಕಿ ನೋಡಿ: ಆ ವೇಗದಲ್ಲಿ 25 ಡಿಗ್ರಿ ಎಂದರೆ ಸೆಕೆಂಡಿನ ಸಾವಿರದ ಒಂದೂವರೆ ಪಾಲು. ಅಷ್ಟು ಮುಂಚೆ ಹೊತ್ತಿದರೆ, ಪಿಸ್ಟನ್ ಮೇಲ್ತುದಿಯನ್ನು ದಾಟಿ ಸ್ವಲ್ಪ ಇಳಿಯುವ ಹೊತ್ತಿಗೆ ಒತ್ತಡ ಗರಿಷ್ಠ ಮಟ್ಟ ಮುಟ್ಟುತ್ತದೆ. ತಡವಾದರೆ ಶಕ್ತಿ ಕುಂದಿ, ಶಾಖ ನಿಷ್ಕಾಸ ನಾಳದ ಕಡೆಗೆ ವ್ಯರ್ಥವಾಗಿ ಹೋಗುತ್ತದೆ. ಬೇಗನೆ ಹಾರಿದರೆ ಇನ್ನೂ ಏರುತ್ತಿರುವ ಪಿಸ್ಟನ್ನಿನ ಮೇಲೆಯೇ ಒತ್ತಡ ಬಿದ್ದು ಸಿಲಿಂಡರಿನ ಉಷ್ಣತೆ ಏರುತ್ತದೆ. ಉಳಿದ ಮಿಶ್ರಣ ಒಮ್ಮೆಲೇ ಸಿಡಿಯುವ ಡಿಟೋನೇಷನ್ ಎಂಬ ಅಪಾಯಕ್ಕೆ ದಾರಿಯಾಗುತ್ತದೆ. ಅದು ಪಿಸ್ಟನ್ನಿಗೇ ತೂತು ಮಾಡಬಲ್ಲದು.

ಇಂತಹ ಎಂಜಿನ್ನಿನಲ್ಲಿ ಕಿಡಿಯನ್ನು ಕೊಡುವುದು ಮ್ಯಾಗ್ನೆಟೊ. ಅದಕ್ಕೆ ಬ್ಯಾಟರಿಯ ಹಂಗಿಲ್ಲ. ಎಂಜಿನ್ ತಿರುಗುತ್ತಿರುವವರೆಗೆ ತಾನೇ ವಿದ್ಯುತ್ತನ್ನು ಉತ್ಪಾದಿಸಿಕೊಳ್ಳುತ್ತದೆ. ಒಂದು ಕೈಕೊಟ್ಟರೆ ಇನ್ನೊಂದಿರಲಿ ಎಂದು ಎರಡು ಮ್ಯಾಗ್ನೆಟೊಗಳು, ಪ್ರತಿ ಸಿಲಿಂಡರಿಗೆ ಎರಡು ಸ್ಪಾರ್ಕ್ ಪ್ಲಗ್‌ಗಳು. ಬೆಂಗಳೂರಿನ ಎಚ್‌ಎಎಲ್ ನಿರ್ಮಿಸಿದ, 1958ರಲ್ಲಿ ಮೊದಲು ಹಾರಿದ ಪುಷ್ಪಕ್ ವಿಮಾನದ ಕಾಂಟಿನೆಂಟಲ್ ಸಿ-90 ಎಂಜಿನ್ನಿನಲ್ಲೂ ಇದೇ ಏರ್ಪಾಡು.

ಈಗ ಟೈಮಿಂಗ್ ಕೂರಿಸುವ ಕ್ರಮ. ಮೊದಲು ಸ್ವಿಚ್ಚನ್ನು ಆರಿಸಬೇಕು, ಆದರೆ ಅದನ್ನು ನಂಬಬಾರದು. ಇಲ್ಲಿ ‘ಆಫ್’ ಎಂದರೆ ಮ್ಯಾಗ್ನೆಟೊವನ್ನು ಭೂಸ್ಪರ್ಶ ಮಾಡಿಸುವುದು. ಆ ತಂತಿ ತುಂಡಾಗಿದ್ದರೆ ಸ್ವಿಚ್ಚು ಆರಿದ್ದರೂ ಮ್ಯಾಗ್ನೆಟೊ ಜೀವಂತ. ಕೈಯಿಂದ ತಿರುಗಿಸಿದ ಪ್ರೊಪೆಲರ್ ತಟ್ಟನೆ ಬೀಸಿ ಪ್ರಾಣ ತೆಗೆದೀತು. ಆದ್ದರಿಂದ ಎಲ್ಲ ಸಿಲಿಂಡರುಗಳ ಮೇಲಿನ ಪ್ಲಗ್‌ಗಳನ್ನು ಬಿಚ್ಚಿ, ಉಳಿದವುಗಳ ತಂತಿಗಳನ್ನೂ ಕಳಚುವುದು ಕ್ಷೇಮ. ಬಳಿಕ ಒಂದನೆಯ ಸಿಲಿಂಡರಿನ ರಂಧ್ರಕ್ಕೆ ಹೆಬ್ಬೆರಳನ್ನಿಟ್ಟು ಪ್ರೊಪೆಲರನ್ನು ನಿಧಾನವಾಗಿ ತಿರುಗಿಸಬೇಕು. ಪಿಸ್ಟನ್ ನಾಲ್ಕು ಹಂತಗಳಲ್ಲಿ ಎರಡು ಬಾರಿ ಮೇಲೇರುತ್ತದೆಯಷ್ಟೆ. ಗಾಳಿ ಬೆರಳನ್ನು ತಳ್ಳಿದರೆ ಮಾತ್ರ ಅದು ಸಂಪೀಡನದ ಹಂತ. ಸ್ಟಾರ್ಟರಿನ ಹಲ್ಲುಗಾಲಿಯ ಮೇಲಿರುವ 25ರ ಗೆರೆ ಸ್ಟಾರ್ಟರ್ ಕವಚದ ಸಣ್ಣ ರಂಧ್ರಕ್ಕೆ ಸರಿಯಾಗಿ ಎದುರಾದಾಗ ನಿಲ್ಲಿಸಬೇಕು. ಗೆರೆ ದಾಟಿಹೋದರೆ ಸ್ವಲ್ಪವೇ ಹಿಂದೆ ಸರಿಸಿ ಹೊಂದಿಸುವುದು ಸಲ್ಲದು. ಹಲ್ಲುಗಳ ನಡುವಿನ ಸಡಿಲವು ಅಳತೆಯನ್ನು ಕೆಡಿಸುತ್ತದೆ. ಸಾಕಷ್ಟು ಹಿಂದೆ ಹೋಗಿ, ಎಂಜಿನ್ ತಿರುಗುವ ದಿಕ್ಕಿನಲ್ಲೇ ಮತ್ತೆ ಬರಬೇಕು.

ಮ್ಯಾಗ್ನೆಟೊವನ್ನು ಅದರ ಒಳಗುರುತಿಗೆ ಹೊಂದಿಸಿ ಕೂರಿಸಿ, ನಟ್ಟುಗಳನ್ನು ಸಡಿಲವಾಗಿಟ್ಟು, ಟೈಮಿಂಗ್ ದೀಪವನ್ನು ಜೋಡಿಸುತ್ತಾರೆ. ಪಾಯಿಂಟುಗಳು ಬೇರ್ಪಡುವ ಕ್ಷಣವನ್ನು ಆ ದೀಪ ತೋರಿಸುತ್ತದೆ. ಮ್ಯಾಗ್ನೆಟೊವನ್ನು ಕೂದಲೆಳೆಯಷ್ಟು ಅತ್ತಿತ್ತ ತಿರುಗಿಸಿ ಆ ಕ್ಷಣವನ್ನು ಹಿಡಿದು, ನಟ್ಟು ಬಿಗಿದು, ಪ್ರೊಪೆಲರನ್ನು ಹಿಂದಕ್ಕೊಯ್ದು ತಂದು ಮತ್ತೆ ಪರೀಕ್ಷಿಸಬೇಕು. ಎರಡನೆಯದಕ್ಕೂ ಇದೇ ಕ್ರಮ.

ನಿಧಾನವಾಗಿ ತಿರುಗುವಾಗಲೂ 25 ಡಿಗ್ರಿ ಮುಂಚಿತವಾಗಿಯೇ ಕಿಡಿ ಹಾರಿದರೆ ಎಂಜಿನ್ ಹಿಂದಕ್ಕೆ ಒದೆಯದೇ ಎಂದು ಜಾಣ ವಿದ್ಯಾರ್ಥಿ ಕೇಳಿಯಾನು. ಹೌದು, ಒದೆಯುತ್ತದೆ. ಅದಕ್ಕಾಗಿಯೇ ಇಂಪಲ್ಸ್ ಕಪ್ಲಿಂಗ್ ಎಂಬ ಸ್ಪ್ರಿಂಗ್ ಸಾಧನವು ಚಾಲನೆಯ ವೇಳೆ ಮಾತ್ರ ಕಿಡಿಯನ್ನು ಮೇಲ್ತುದಿಯ ಸಮೀಪಕ್ಕೆ ತಡೆದಿಡುತ್ತದೆ.

ಇನ್ನು ‘ಎರಡು ಡಿಗ್ರಿ ಹೆಚ್ಚಿಗೆ’ ಎನ್ನುವವರ ವಾದಕ್ಕೆ ಬರೋಣ. ಹಾರುವ ಮೊದಲು ಪೈಲಟ್ ಒಂದೊಂದೇ ಮ್ಯಾಗ್ನೆಟೊದಲ್ಲಿ ಎಂಜಿನ್ ಓಡಿಸಿ ನೋಡುತ್ತಾನೆ. ಸೆಸ್ನಾ 172ಎನ್ ಮಾದರಿಯಲ್ಲಿ 1700 ಸುತ್ತಿನಲ್ಲಿ ಈ ಪರೀಕ್ಷೆ. ವೇಗ 125 ಸುತ್ತಿಗಿಂತ ಹೆಚ್ಚು ಕುಸಿಯಬಾರದು, ಎರಡರ ನಡುವಿನ ವ್ಯತ್ಯಾಸ 50ನ್ನು ಮೀರಬಾರದು. ಟೈಮಿಂಗ್ ಅತಿಯಾಗಿ ಮುಂದಾಗಿದ್ದರೆ ಈ ಕುಸಿತ ಹೆಚ್ಚುವ ಬದಲು ಕಡಿಮೆಯಾಗಬಹುದು! ತಪ್ಪಾಗಿ ಕೂರಿಸಿದ ಎಂಜಿನ್ ಪರೀಕ್ಷೆಯಲ್ಲಿ ಸರಿಯಾದುದಕ್ಕಿಂತ ಹೆಚ್ಚು ಅಂಕ ಪಡೆದಂತೆ. ಕಿವಿಗೂ ಅದು ಚುರುಕಾಗಿಯೇ ಕೇಳಿಸೀತು. ಹಾನಿ ಕಾಣಿಸಿಕೊಳ್ಳುವುದು ಆಮೇಲೆ: ಬಿಸಿಲಿನ ದಿನ, ಪೂರ್ಣ ಶಕ್ತಿಯಲ್ಲಿ ಮೇಲೇರುವಾಗ. ಸ್ಕೂಟರ್ ನಿಂತರೆ ಪಕ್ಕಕ್ಕೆ ತಳ್ಳಿಕೊಂಡು ಹೋಗಬಹುದು. ಆಗಷ್ಟೇ ನೆಲ ಬಿಟ್ಟ ಒಂಟಿ ಎಂಜಿನ್ನಿನ ವಿಮಾನಕ್ಕೆ ಆ ಅನುಕೂಲವಿಲ್ಲ. ಅದರೊಳಗೆ ಕುಳಿತ ಪೈಲಟ್ಟಿಗೆ ಎರಡು ಡಿಗ್ರಿಯ ಸುದ್ದಿಯೇ ಗೊತ್ತಿರುವುದಿಲ್ಲ.

ಎಲೆಕ್ಟ್ರಾನಿಕ್ ಇಗ್ನಿಷನ್ ಬಂದಿರುವಾಗ ಈ ಚರ್ಚೆ ಹಳತಾಯಿತು ಎನ್ನುವವರೂ ಉಂಟು. ಬೆಂಗಳೂರಿನ ಎನ್‌ಎಎಲ್ ರೂಪಿಸಿದ ಹಂಸ-3ರ ರೋಟ್ಯಾಕ್ಸ್ ಎಂಜಿನ್ನಿನಲ್ಲಿ ತಿಕ್ಕಾಡುವ ಪಾಯಿಂಟುಗಳೇ ಇಲ್ಲ, ನಿಜ. ಆದರೆ ಮ್ಯಾಗ್ನೆಟೊ ಎಂಜಿನ್ನುಗಳು ಇಂದಿಗೂ ಅಪಾರ ಸಂಖ್ಯೆಯಲ್ಲಿ ಹಾರುತ್ತಿವೆ. ಅವುಗಳ ಪಾಯಿಂಟುಗಳು ಸವೆದರೆ ಕಿಡಿ ಮುಂಚಿತವಾಗುತ್ತದೆ. ಕ್ಯಾಮ್‌ಗೆ ಉಜ್ಜುವ ಭಾಗ ಸವೆದರೆ ತಡವಾಗುತ್ತದೆ. ಆದ್ದರಿಂದ ಒಮ್ಮೆ ಅಳೆದರೆ ಮುಗಿಯಿತು ಎಂಬ ಮಾತೂ ಇಲ್ಲ.

ಅನುಭವಸ್ಥನ ಕಿವಿ ಬೇಡವೆಂದು ನಾನು ಹೇಳುತ್ತಿಲ್ಲ. ಏನೋ ಸರಿಯಿಲ್ಲ ಎಂದು ಮೊದಲು ಸೂಚಿಸುವುದು ಆ ಕಿವಿಯೇ. ಆದರೆ ಸರಿಯಿದೆ ಎಂದು ತೀರ್ಪು ಕೊಡುವ ಅಧಿಕಾರ ಅದಕ್ಕಿಲ್ಲ. ಅದು ಗೆರೆಗೂ ದೀಪಕ್ಕೂ ಸೇರಿದ್ದು. ಗಣಿತದಲ್ಲಿ ಉತ್ತರ ಸರಿಯಿದ್ದರೂ ಹಂತಗಳನ್ನು ಬರೆಯದವರಿಗೆ ನಾನು ಪೂರ್ಣ ಅಂಕ ಕೊಡುತ್ತಿರಲಿಲ್ಲವೆಂದು ನಿಮ್ಮಲ್ಲಿ ಕೆಲವರಿಗೆ ಇನ್ನೂ ಮುನಿಸಿರಬಹುದು. ಕಾರಣ ಇದೇ: ತಪ್ಪು ದಾರಿಯೂ ಒಮ್ಮೊಮ್ಮೆ ಒಳ್ಳೆಯ ಉತ್ತರವನ್ನೇ ಕೊಡುತ್ತದೆ.

ಆದ್ದರಿಂದ ನನ್ನ ವಿದ್ಯಾರ್ಥಿಗೆ ನಾನು ಕೊಟ್ಟ ಉತ್ತರ ಚಿಕ್ಕದು. ಫಲಕದಲ್ಲಿ 25 ಎಂದಿದ್ದರೆ 25ಕ್ಕೇ ಕೂರಿಸು. ಕೂರಿಸಿದ ಮೇಲೆ ಇನ್ನೊಮ್ಮೆ ತಿರುಗಿಸಿ ನೋಡು. ಆಮೇಲೆ ಸಹಿ ಹಾಕು.