ಓದುಗರ ದುಡ್ಡು

ಗಳಗನಾಥರು ತಮ್ಮ ಕಾದಂಬರಿಗಳ ಗಂಟು ಹೊತ್ತು ಊರೂರು ತಿರುಗಿದ್ದನ್ನು ನಾವು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಅವರು ಆ ಪುಸ್ತಕಗಳನ್ನು ಮಾರುತ್ತಿದ್ದರು ಎಂಬುದು ಯಾರಿಗೂ ಸಣ್ಣತನವಾಗಿ ಕಂಡಿಲ್ಲ. ಇವತ್ತು ಒಬ್ಬ ಲೇಖಕಿ ಅಂತರ್ಜಾಲದಲ್ಲಿ ಕಥೆ ಬರೆದು, ಓದುವುದಕ್ಕೆ ತಿಂಗಳಿಗೆ ಐವತ್ತು ರೂಪಾಯಿ ಚಂದಾ ಕೇಳಿದರೆ ಮಾತ್ರ ‘ಸಾಹಿತ್ಯವೂ ವ್ಯಾಪಾರವಾಯಿತೇ?’ ಎಂಬ ಪ್ರಶ್ನೆ ಏಳುತ್ತದೆ. ಆಕೆ ಕೇಳುವುದು ಸರಿ, ಕೇಳಲೇಬೇಕು ಎಂಬುದು ನನ್ನ ನಿಲುವು.

ಪುಕ್ಕಟೆ ಓದಿನ ಹಿಂದೆ ಯಾವಾಗಲೂ ಯಾರದೋ ದುಡ್ಡಿರುತ್ತದೆ. ಹತ್ತನೆಯ ಶತಮಾನದಲ್ಲಿ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ 1000 ಪ್ರತಿ ಬರೆಯಿಸಿ ಹಂಚಿದಳು, ಖರ್ಚು ಅವಳದು. ಪಂಪನಿಗೆ ದೊರೆ ಅರಿಕೇಸರಿ ಅಗ್ರಹಾರ ಕೊಟ್ಟ. ನಮ್ಮ ಕಾಲದಲ್ಲಿ ಎಷ್ಟೋ ಕನ್ನಡ ಪುಸ್ತಕಗಳು ಅಚ್ಚಾಗಿದ್ದು ಗ್ರಂಥಾಲಯ ಇಲಾಖೆಯ ಸಗಟು ಖರೀದಿಯ ಭರವಸೆಯಲ್ಲಿ. ಅಂತರ್ಜಾಲದ ಪುಟಕ್ಕೆ ಈಗ ಜಾಹೀರಾತೇ ದೊರೆ. ಪುಟವನ್ನು ಎಷ್ಟು ಜನ ತೆರೆದರು ಎಂಬುದರ ಮೇಲೆ ಅದರ ಲೆಕ್ಕ. ಕೊನೆಯ ಸಾಲಿನವರೆಗೆ ಓದಿದವರು ಎಷ್ಟು, ಓದಿ ಮನಸ್ಸು ಕಲಕಿದವರು ಎಷ್ಟು ಎಂಬುದು ಅದಕ್ಕೆ ಬೇಡ. ಆ ಲೆಕ್ಕಕ್ಕೆ ತಕ್ಕಂತೆ ಬರೆಯಹೊರಟ ಲೇಖಕನ ತಲೆಬರಹ ಮೊದಲು ಚೀರತೊಡಗುತ್ತದೆ, ಆಮೇಲೆ ಒಳಗಿನ ಬರಹವೂ ಚೀರುತ್ತದೆ.

1980ರಲ್ಲಿ ಶುರುವಾದ ಲಂಕೇಶ್ ಪತ್ರಿಕೆ ಜಾಹೀರಾತನ್ನೇ ತೆಗೆದುಕೊಳ್ಳಲಿಲ್ಲ. ವಾರವಾರವೂ ಓದುಗರು ಅಂಗಡಿಯಲ್ಲಿ ಕೊಟ್ಟ ಚಿಲ್ಲರೆಯ ಮೇಲೆ ಅದು ನಡೆಯಿತು. ಅಧಿಕಾರದಲ್ಲಿದ್ದವರನ್ನು ಅದು ಎದುರು ಹಾಕಿಕೊಂಡ ರೀತಿಗೆ ಸಂಪಾದಕರ ಎದೆಗಾರಿಕೆ ಎಷ್ಟು ಕಾರಣವೋ ಈ ಹಣದ ಮೂಲವೂ ಅಷ್ಟೇ ಕಾರಣ. ಸಿಟ್ಟಿಗೆದ್ದ ಮಂತ್ರಿಗೋ ಉದ್ಯಮಿಗೋ ನಿಲ್ಲಿಸಿಬಿಡಲು ಅಲ್ಲಿ ಜಾಹೀರಾತೇ ಇರಲಿಲ್ಲ. ದುಡ್ಡು ಕೊಟ್ಟವರ ಋಣ ಬರೆಯುವವರ ಮೇಲೆ ಇದ್ದೇ ಇರುತ್ತದೆ. ಆ ಋಣ ಓದುಗರದಾಗಿರಲಿ ಎಂಬುದಕ್ಕಿಂತ ಒಳ್ಳೆಯ ಏರ್ಪಾಡು ನನಗೆ ತಿಳಿದಿಲ್ಲ.

ವಿದ್ಯೆಯನ್ನು ಮಾರಬಾರದು ಎನ್ನುವ ಹಳೆಯ ನಂಬಿಕೆ ನಮ್ಮಲ್ಲಿ ಆಳವಾಗಿದೆ. ವಚನಕಾರರು ದುಡ್ಡು ಕೇಳಿದರೇ ಎಂದು ಯಾರಾದರೂ ಕೇಳಬಹುದು. ಇಲ್ಲ. ಅವರ ಹೊಟ್ಟೆಪಾಡು ಕಾಯಕದಿಂದ ನಡೆಯುತ್ತಿತ್ತು. ಮಾಸ್ತಿಯವರು ಸರ್ಕಾರಿ ಅಧಿಕಾರಿ, ಕುವೆಂಪು ಪ್ರಾಧ್ಯಾಪಕರು. ಅವರ ಬರವಣಿಗೆಯ ಬೆನ್ನಿಗೆ ತಿಂಗಳ ಸಂಬಳವಿತ್ತು. ಇದು ಅವರ ದೊಡ್ಡತನವನ್ನು ಒಂದು ಕೂದಲೆಳೆಯಷ್ಟೂ ಕಡಿಮೆ ಮಾಡುವುದಿಲ್ಲ. ಆದರೆ ಸಂಬಳವಿಲ್ಲದವರು ಏನು ಮಾಡಬೇಕು? ಬರವಣಿಗೆಯೆಂದರೆ ಪುಕ್ಕಟೆಯಾಗಿ ಕೊಡುವುದೇ ಎಂದು ರೂಢಿಯಾಗಿಬಿಟ್ಟರೆ ಬರೆಯುವುದಕ್ಕೆ ಉಳಿಯುವವರು ಬೇರೆ ಕಡೆ ಭದ್ರವಾದ ವರಮಾನ ಇರುವವರು ಮಾತ್ರ. ಗಾರ್ಮೆಂಟ್ಸ್‌ನಲ್ಲಿ ಹೊಲಿದು ದಣಿದು ಬಂದ ಹೆಣ್ಣುಮಗಳು ರಾತ್ರಿ ಕೂತು ಬರೆದದ್ದಕ್ಕೆ ನಾಲ್ಕು ಕಾಸು ಬಂದರೆ ಒಂದು ದಿನದ ಓವರ್‌ಟೈಮ್ ಬಿಡಬಹುದು. ಬಾರದಿದ್ದರೆ ಅವಳ ಎರಡನೆಯ ಕಥೆ ಹುಟ್ಟುವುದೇ ಇಲ್ಲ. ಹುಟ್ಟದ ಕಥೆಗಾಗಿ ಯಾರೂ ಅಳುವುದಿಲ್ಲವಾದ್ದರಿಂದ ಈ ನಷ್ಟ ನಮ್ಮ ಗಮನಕ್ಕೇ ಬರುವುದಿಲ್ಲ.

ಬಡ ಓದುಗನ ಮಾತು ನಿಜಕ್ಕೂ ತೂಕದ್ದು. ಐವತ್ತು ರೂಪಾಯಿಯೂ ಹೊರೆಯಾಗುವ ಮನೆಗಳಿವೆ, ಅಲ್ಲಿ ಓದುವ ಹಸಿವಿರುವ ಮಕ್ಕಳೂ ಇದ್ದಾರೆ. ಇದಕ್ಕೆ ಲೇಖಕರೂ ಜಾಗ ಮಾಡಬೇಕು: ಕೆಲವು ಬರಹ ತೆರೆದಿಡುವುದು, ವಿದ್ಯಾರ್ಥಿಗಳಿಗೆ ರಿಯಾಯಿತಿ, ಒಂದು ವರ್ಷ ಕಳೆದ ಮೇಲೆ ಎಲ್ಲರಿಗೂ ಮುಕ್ತ. ಪುಸ್ತಕ ಕೊಳ್ಳುವ ಸಾರ್ವಜನಿಕ ಗ್ರಂಥಾಲಯ ಇಂಥ ಬರಹಕ್ಕೂ ಚಂದಾ ಕಟ್ಟಿ ತನ್ನ ಸದಸ್ಯರಿಗೆ ಓದಿಸಬೇಕು. ಬಡವನಿಗೆ ಓದು ಸಿಗಬೇಕಾದ್ದು ಸಮಾಜದ ಹೊಣೆ. ಅದನ್ನು ಇನ್ನೊಬ್ಬ ಬಡ ಲೇಖಕನ ಮೇಲೆ ಹೊರಿಸುವುದು ಅನ್ಯಾಯ.

ಇಷ್ಟವಿದ್ದರೆ ಕೊಡಿ ಎಂದು ಓದುಗರಿಗೇ ಬಿಟ್ಟುಬಿಟ್ಟರೆ? ಅಮೆರಿಕದ ಸ್ಟೀಫನ್ ಕಿಂಗ್ 2000ದಲ್ಲಿ ‘ದ ಪ್ಲಾಂಟ್’ ಕಾದಂಬರಿಯನ್ನು ಕಂತುಕಂತಾಗಿ ಅಂತರ್ಜಾಲದಲ್ಲಿ ಹಾಕಿ, ಮೊದಲ ಕಂತುಗಳಿಗೆ ಒಂದೊಂದು ಡಾಲರ್ ಕೇಳಿದರು. ಇಳಿಸಿಕೊಂಡವರಲ್ಲಿ ನೂರಕ್ಕೆ 75 ಮಂದಿಯಾದರೂ ಕೊಟ್ಟರೆ ಮುಂದುವರಿಸುತ್ತೇನೆ ಎಂದಿದ್ದರು. ಬರಬರುತ್ತಾ ಕೊಡುವವರ ಪ್ರಮಾಣ ಇಳಿಯಿತು. ಕಾದಂಬರಿ ಆರು ಕಂತಿಗೆ ನಿಂತಿತು. ಅಷ್ಟು ಹೆಸರಿದ್ದವರ ಪಾಡೇ ಹೀಗಾದರೆ, ಕನ್ನಡದ ಹೊಸಬರು ಓದುಗರ ಔದಾರ್ಯವನ್ನೇ ನೆಚ್ಚಿ ಕೂರಲಾಗದು. ಬೆಲೆಯನ್ನು ಸ್ಪಷ್ಟವಾಗಿ ಹೇಳಿಬಿಡುವುದೇ ಇಬ್ಬರಿಗೂ ಗೌರವ.

ನಮ್ಮಲ್ಲಿ ಇದಕ್ಕೊಂದು ಹಳೆಯ ಮಾದರಿಯೂ ಇದೆ. ಧಾರವಾಡದಲ್ಲಿ ಜಿ.ಬಿ. ಜೋಶಿಯವರು 1933ರಲ್ಲಿ ಆರಂಭಿಸಿದ ಮನೋಹರ ಗ್ರಂಥಮಾಲೆ ಚಂದಾದಾರರನ್ನು ನೆಚ್ಚಿ ಬೆಳೆಯಿತು. ವರ್ಷದ ಚಂದಾ ಕಟ್ಟಿದವರು ಯಾವ ಪುಸ್ತಕ ಬರುತ್ತದೋ ಎಂದು ಕಾಯುತ್ತಿದ್ದರು. ಆಗ ಮನಿಯಾರ್ಡರ್ ಕಳಿಸಲು ಅಂಚೆ ಕಚೇರಿಗೆ ಹೋಗಬೇಕಿತ್ತು. 2016ರಲ್ಲಿ ಯುಪಿಐ ಬಂದ ಮೇಲೆ ಹತ್ತು ರೂಪಾಯಿಯನ್ನು ಕೂತಲ್ಲಿಂದಲೇ ಕಳಿಸಬಹುದು. ಸಣ್ಣ ಮೊತ್ತ ಕಳಿಸುವುದೇ ಕಷ್ಟ ಎಂಬ ನೆಪ ಈಗ ಉಳಿದಿಲ್ಲ.

ನೀವು ಮೆಚ್ಚಿ ಓದುವ ಕನ್ನಡ ಲೇಖಕರು ಚಂದಾ ಕೇಳಿದ್ದರೆ ಈ ತಿಂಗಳೇ ಕಟ್ಟಿ. ಕೇಳಿಲ್ಲದಿದ್ದರೆ, ಕೇಳಿ ಎಂದು ಅವರಿಗೆ ಬರೆಯಿರಿ.