ನಮ್ಮ ಬೆಟ್ಟಗಳಲ್ಲಿ ಒಂದು ದಿನ

ಬೆಟ್ಟದ ಸೊಬಗನ್ನು ಕಾಣಲು ಮಲೆನಾಡಿಗೇ ಹೋಗಬೇಕೆಂದು ನಮ್ಮಲ್ಲಿ ಹಲವರ ಭಾವನೆ. ಯಾದಗಿರಿಯವರಿಗೆ ಅದು ಒಂದೇ ದಿನದ ದಾರಿಯಲ್ಲಿದೆ. ನಸುಕಿನಲ್ಲಿ ಯಾದಗಿರಿಯ ಕೋಟೆಬೆಟ್ಟವನ್ನೇರಿ, ಬಿಸಿಲು ಬಲಿಯುವ ಮುನ್ನ ಶಹಾಪುರ ಸೇರಬೇಕು.

ಅಲ್ಲಿಯ ಸಾಲುಗುಡ್ಡಗಳು ದೂರದಿಂದ ಮಲಗಿದ ಬುದ್ಧನಂತೆ ತೋರುತ್ತವೆ. ಸಮೀಪಿಸಿದರೆ ಬರಿಯ ಬಂಡೆಗಳು. ಯಾವ ಶಿಲ್ಪಿಯೂ ಕಡೆಯದ ಈ ರೂಪವು ಎಲ್ಲ ಗುಡ್ಡಗಳೂ ಇದ್ದಲ್ಲಿಯೇ ಇರುವುದರಿಂದ ಉಳಿದಿದೆ. ಒಂದನ್ನು ಒಡೆದರೂ ಅಳಿಯುತ್ತದೆ. ಮಕ್ಕಳಿಗೆ ಈ ಮಾತನ್ನು ಅಲ್ಲಿಯೇ ನಿಲ್ಲಿಸಿ ತಿಳಿಸಬೇಕು.

ಮಧ್ಯಾಹ್ನ ಸುರಪುರದಲ್ಲಿ ರೊಟ್ಟಿಬುತ್ತಿ ಬಿಚ್ಚಿ, ಗುಡ್ಡದ ಮೇಲೆ ಮೆಡೋಸ್ ಟೇಲರ್ ಕಟ್ಟಿಸಿದ ಬಂಗಲೆಯನ್ನು ನೋಡಿ, ಸಂಜೆಗೆ ಬೋನಾಳ ಕೆರೆಯನ್ನು ತಲುಪಬಹುದು. ಚಳಿಗಾಲದಲ್ಲಿ ಹಿಮಾಲಯದಾಚೆಯ ಪಟ್ಟೆತಲೆ ಬಾತುಗಳು ಅಲ್ಲಿ ಇಳಿಯುತ್ತವೆ. ಅಷ್ಟು ದೂರದಿಂದ ಹಕ್ಕಿಗಳು ಅರಸಿ ಬರುವ ನೆಲವನ್ನು, ಮಗ್ಗುಲಲ್ಲಿಯೇ ಇರುವ ನಾವು ಕಾಣದೆ ಉಳಿಯಬಾರದು.