ತಿಕ್ಕೋದು ಬಿಡ್ರಿ, ಎತ್ತಲಿಕ್ಕೆ ಬರ್ರಿ

ನಮ್ಮ ಕಡೆ ಯಾರದಾದ್ರೂ ನಡಾ ಹಿಡೀತು ಅಂದ್ರ ಸಾಕು, ಓಣಿಗೆ ಓಣಿನ ಡಾಕ್ಟರ್ ಆಗ್ತದ. ಒಬ್ಬರು ಬಿಸಿ ಎಣ್ಣಿ ಹಾಕಿ ಗಸಾಗಸಾ ತಿಕ್ಕು ಅಂತಾರ, ಇನ್ನೊಬ್ಬರು ಕಾಲು ಮುಂದಾಗಿ ಹುಟ್ಟಿದವರ ಕಡೆ ನಡದ ಮ್ಯಾಲೆ ಒದಿಸ್ಕೋ ಅಂತಾರ. ಹೋದ ಶ್ರಾವಣದಾಗ ನನಗ ಎರಡೂ ಆದ್ವು. ಅದಕ್ಕ ಇವತ್ತು ಸಿಟ್ಟಿಲೆ ಬರೀಲಿಕ್ಕತ್ತೀನಿ.

ಆಗಿದ್ದಿಷ್ಟ. ನಮ್ಮ ಓಣಿಗೆ ನಳಾ ಬರೋದು ವಾರಕ್ಕೊಮ್ಮೆ. ಬಂದಾಗ ಇದ್ದಬಿದ್ದ ಕೊಡ, ಬಕೀಟು ಎಲ್ಲಾ ತುಂಬ್ಕೋಬೇಕು. ತುಂಬಿದ ಕೊಡ ಬಗ್ಗಿ ಎತ್ತಿದೆ, ಹಂಗ ಹೊಳ್ಳಿ ಕಟ್ಟಿ ಮ್ಯಾಲೆ ಇಡಲಿಕ್ಕೆ ಹೋದೆ, ನಡದಾಗ ಛಳಕು ಹಿಡೀತು. ಅಲ್ಲೇ ಕೂತುಬಿಟ್ಟೆ. ನಮ್ಮ ಮಂದಿ ಜೋರು ಹಾಕಿ ತಿಕ್ಕಿದ್ರು, ಮರುದಿನ ಏಳಲಿಕ್ಕೂ ಬರಲಿಲ್ಲ. ಮ್ಯಾಲೆ ಒದಿಕಿ ಬ್ಯಾರೆ!

ಆಮ್ಯಾಲೆ ಡಾಕ್ಟರ್ ಬೈದು ತಿಳಿಸಿ ಹೇಳಿದ್ರು. ಸ್ನಾಯುವಿನ ಎಳಿ ಅಳತಿ ಮೀರಿ ಜಗ್ಗಿ ಅಲ್ಲಲ್ಲೆ ಹರದಿರ್ತಾವಂತ. ಹರದ ಸೀರಿ ಜಗ್ಗಿ ತಿಕ್ಕಿದ್ರ ಕೂಡ್ತದೇನು? ಮೊದಲ ಎರಡು ದಿನ ಬಿಸಿ ಬ್ಯಾಡ, ತಿಕ್ಕೋದು ಬ್ಯಾಡ. ಬರ್ಫ ಅರಿವ್ಯಾಗ ಸುತ್ತಿ 15-20 ನಿಮಿಷ, ದಿನಕ್ಕ ಮೂರ್ನಾಲ್ಕು ಸಲ ಇಟ್ಕೋಬೇಕು. ನೋವು ಇಳದ ಮ್ಯಾಲೆ ಬಿಸಿನೀರಿನ ಶಾಖ. ಹಂಗಂತ ವಾರಗಟ್ಟಲೆ ಹಾಸಿಗಿ ಹಿಡೀಬಾರದು, ಸ್ವಲ್ಪ ಸುಧಾರಿಸಿದ ಕೂಡಲೆ ಮೆಲ್ಲಕ ಅಡ್ಡಾಡಬೇಕು. ಕಾಲು ಜೋಮು ಹಿಡದು ಶಕ್ತಿ ಹೋದ್ರ, ಒಂದಕ್ಕ ಹೋಗೋದು ಹತೋಟಿ ತಪ್ಪಿದ್ರ ಮಾತ್ರ ಒಂದು ತಾಸೂ ತಡಾ ಮಾಡದ ದವಾಖಾನಿಗೆ ಓಡಬೇಕು.

ಇದೆಲ್ಲಾ ಸರಿ, ಆದ್ರ ನನ್ನ ಜಗಳ ಬ್ಯಾರೆನ ಅದ. "ವಯಸ್ಸಾತು, ನೋವು ಬರೋದ", "ಮನಿಗೆಲಸನ ನಿಮಗ ವ್ಯಾಯಾಮ" ಅಂತಾರಲ್ಲ, ಅವರಿಗೆ ಕೇಳ್ತೀನಿ. 15 ಲೀಟರ್ ಕೊಡ ಅಂದ್ರ ಬರೇ ನೀರ 15 ಕೆಜಿ. ಸಿಲಿಂಡರಿನಾಗ ಗ್ಯಾಸ್ 14.2 ಕೆಜಿ, ಕಬ್ಬಿಣದ್ದು ಸೇರಿ ಹತ್ತಿರ ಹತ್ತಿರ 30. ಜಿಮ್ಮಿಗೆ ಹೋಗೋ ಹುಡುಗೂರು ಇಷ್ಟು ಎತ್ತೋ ಮೊದಲ ಕೈಕಾಲು ಸಡಲ ಮಾಡ್ಕೋತಾರ, ಬಾಜೂಕ ಒಬ್ಬರು ನಿಂತಿರ್ತಾರ. ನಾವು ನಸೀಕಲೆ ಎದ್ದು ನಿದ್ದಿಗಣ್ಣಾಗ ಎತ್ತತೀವಿ. ನಮ್ಮ ಬಾಜೂಕ ಯಾರು ನಿಂತಾರ? ಎಲ್ಲಾರೂ ಹೊಚಗೊಂಡು ಮಲಗಿರ್ತಾರ.

ಮೊಣಕಾಲು ಮಡಚಿ ಎತ್ತೋದು, ಭಾರ ಮೈಗೆ ಹತ್ತಿರ ಹಿಡಿಯೋದು, ನಡಾ ತಿರುವದ ಪಾದ ತಿರುಗಿಸೋದು, ಅರ್ಧ ಕೊಡ ಅಷ್ಟ ತುಂಬೋದು, ಇಷ್ಟು ನಾವು ಕಲಿಯೋಣು. ಉಳದ ಅರ್ಧ ಕೊಡ ಮನ್ಯಾಗಿನ ಉಳದವರು ಹೊರಬೇಕು. ನಡಾ ಹಿಡದ ಮ್ಯಾಲೆ ಎಣ್ಣಿ ಬಟ್ಟಲಾ ಹಿಡಕೊಂಡು ಓಡಿ ಬರೋ ಪ್ರೀತಿ ನಮಗ ಬ್ಯಾಡ, ನಳಾ ಬಂದಾಗ ಎದ್ದು ಬರ್ರಿ.

ನಮ್ಮನ್ಯಾಗ ಈಗ ಮಗ ಕೊಡ ಎತ್ತತಾನ, ನಮ್ಮ ಮನಿಯವರು ಸಿಲಿಂಡರ್ ಉರುಳಿಸ್ಕೊಂಡು ತರ್ತಾರ. ಇನ್ನೂ ತನಕ ಯಾರ ಗಂಡಸ್ತನಕ್ಕೂ ಛಳಕು ಹಿಡದಿಲ್ಲ.